ಹೆಪ್ಪು

ಚಿಯಾತುರಾದ ಶಾಲೆಯ ಮೂರನೇ ಮಹಡಿಯಲ್ಲಿ
ಎಂಟು ಕಂಪ್ಯೂಟರು, ಚಹಾ ಕುಡಿದು ಕುಡಿದು
ಹಳದಿಗಟ್ಟಿದ ಹಲ್ಲಿನ ಬಣ್ಣ.
ಕಿಟಕಿಯಾಚೆ ಮ್ಯಾಂಗನೀಸು ತೊಳೆದ ಕಪ್ಪು ಹೊಳೆ,
ಹೊಳೆಯಾಚೆ ಗುಡ್ಡದ ನೆತ್ತಿಯವರೆಗೆ
ಹಗ್ಗವಿಲ್ಲದ ಕಂಬಗಳು.

ನಾನು ಭೂಗೋಳದ ಮೇಷ್ಟ್ರು.
ಒಮ್ಮೆ ಯಾರದೋ ರೇಡಿಯೋ ರಿಪೇರಿ ಮಾಡಿದ ತಪ್ಪಿಗೆ
ಈ ಎಂಟೂ ನನ್ನ ಕೊರಳಿಗೆ ಬಿದ್ದವು.

ಹೊಸ ವ್ಯವಸ್ಥೆ ಬಂದದ್ದು ಡಿವಿಡಿಯಲ್ಲಿ.
ಇವಕ್ಕೋ ಸಿಡಿ ಓದುವಷ್ಟೇ ಅಕ್ಷರಾಭ್ಯಾಸ.
ಅದೇ ಅಗಲ, ಅದೇ ನಡುತೂತು, ಅದೇ ಕಾಮನಬಿಲ್ಲು,
ಬರಹ ಮಾತ್ರ ಸಣ್ಣದು.
ತಟ್ಟೆ ಒಳಗೆ ಹೋಗುತ್ತದೆ, ಗರಗರ ತಿರುಗುತ್ತದೆ,
ಬಾಯಿ ಮುಕ್ಕಳಿಸಿದಂಥ ಸದ್ದು,
ಆಮೇಲೆ ನಾಲಿಗೆ ಚಾಚಿ ವಾಪಸು.
ಎಂಟು ಸಲ, ಎಂಟು ನಾಲಿಗೆ.

ಪೆನ್‌ಡ್ರೈವ್ ಚುಚ್ಚಿದೆ.
ಅದಕ್ಕೊಂದು ಬಾಗಿಲೇನೋ ಇದೆ ಬೆನ್ನಲ್ಲಿ,
ಮನೆಯವರು ಎದ್ದಮೇಲೆ ತೆರೆಯುವ ಬಾಗಿಲು.
ಎಬ್ಬಿಸಲೆಂದೇ ಬಂದವನು
ಹೊರಗೆ ನಿಂತು ಏನು ತಾನೇ ಮಾಡಿಯಾನು?

ಅಡುಗೆಮನೆಯ ತ್ಸಿಯಾಲಾ ಮೆಟ್ಟಿಲು ಹತ್ತಿ ಬಂದಳು,
ಕೈಯಲ್ಲಿ ನನಗೆಂದು ಮಾತ್ಸೋನಿಯ ಬಟ್ಟಲು, ಅದೇ, ಗಟ್ಟಿಮೊಸರು.
"ಶುರುವಾಗಬೇಕಾದರೆ
ಮೊದಲೇ ಒಂಚೂರು ಶುರುವಾಗಿರಬೇಕಂತೆ,"
ನಾನು ಗೊಣಗಿದೆ.
"ಅದಕ್ಕೇನು, ಮೊಸರೂ ಹಾಗೇ ಅಲ್ಲವೆ?" ಎಂದಳು.
ಹೆಪ್ಪಿಗೆ ನಮ್ಮಲ್ಲಿ ದೇದೋ ಅನ್ನುತ್ತೇವೆ,
ಅಮ್ಮ ಎನ್ನುವ ಮಾತಿನ ಪಕ್ಕದ ಮನೆ.
ಮುಗಿದುಹೋದರೆ ಬಟ್ಟಲು ಹಿಡಿದು ಆಚೆ ಬೀದಿಗೆ,
ಒಂದು ಚಮಚ ಸಾಲಕ್ಕೆ.

ಒಂದು ಚಮಚ. ಫ್ಲಾಪಿ!
ಅದರಲ್ಲಿ ಇಡೀ ವ್ಯವಸ್ಥೆ ಹಿಡಿಸದು, ಹಿಡಿಸುವುದೂ ಬೇಡ.
"ಏಳು, ಪಕ್ಕದ ಮನೆಗೆ ಹೋಗಿ ಕೇಳು,"
ಇಷ್ಟು ಹಿಡಿಸಿದರೆ ಸಾಕು.
ಪಕ್ಕದ ಮನೆಯೆಂದರೆ ನನ್ನ ಲ್ಯಾಪ್‌ಟಾಪು,
ನಡುವೆ ನೆಲದ ಮೇಲೆ ನೀಲಿ ತಂತಿ.

ಊರೆಲ್ಲ ಜಾಲಾಡಿ ಸಿಕ್ಕಿದ್ದು ಒಂದೇ.
ನುಗ್ಜಾರ್ ತಂದ, ಕೋಟಿನ ಒಳಜೇಬಿನಲ್ಲಿ,
ಬಿಸಿ ಆರದ ಮೊಟ್ಟೆ ತಂದ ಹಾಗೆ.
ಇಪ್ಪತ್ತಾರು ವರ್ಷ ರೋಪ್‌ವೇ ತೊಟ್ಟಿಲು ನಡೆಸಿದವನು,
ಈಗ ಶಾಲೆಯ ಬಾಯ್ಲರಿಗೆ ಕಾವಲು.
ಫ್ಲಾಪಿಯಲ್ಲಿ ಒಂದೇ ಕಡತ:
ಮೇಲಿನ ಗಣಿಗೆ ಹೋಗುವ ತೊಟ್ಟಿಲಿನ ವೇಳಾಪಟ್ಟಿ.

"ಅಳಿಸಬೇಕಾಗುತ್ತದೆ," ಎಂದೆ.
"ಹಗ್ಗ ಇಳಿಸಿದಾಗ ಯಾರೂ ಕೇಳಲಿಲ್ಲ.
ನೀನು ಕೇಳಿದೆ. ತಡಿ."
ಕನ್ನಡಕ ಏರಿಸಿ, ನಕಾಶೆ ಪುಸ್ತಕದ ಖಾಲಿ ಹಾಳೆ ಹರಿದು,
ಪರದೆ ನೋಡಿ ನೋಡಿ ಪೆನ್ಸಿಲಿನಲ್ಲಿ ಇಳಿಸತೊಡಗಿದ.
ಆರು ಹತ್ತು.
ಆರು ಇಪ್ಪತ್ತೆರಡು.
ಆರು ಮೂವತ್ತನಾಲ್ಕು.
ನಕಲು ಮಾಡಲು ಅರೆಕ್ಷಣ ಸಾಕು ಎನ್ನಲು
ನಾನು ಬಾಯಿ ತೆರೆದೆ.
ತ್ಸಿಯಾಲಾ ನನ್ನ ಕಾಲು ತುಳಿದಳು.

ಮೊದಲನೆಯದು ಎಚ್ಚರಾದಾಗ ಕತ್ತಲಾಗಿತ್ತು.
ಫ್ಲಾಪಿ ಕಟಕಟ ಹಲ್ಲು ಕಡಿಯಿತು,
ತಂತಿಯ ಬುಡದಲ್ಲಿ ಹಸಿರು ಹುಳ ಮಿನುಗಿತು.
ಶೇಕಡಾ ಒಂದು. ಶೇಕಡಾ ಒಂದು.
ಶೇಕಡಾ ಎರಡು.
"ಹೆಪ್ಪು ಹಿಡಿಯುವಾಗ ಅಲುಗಿಸಬಾರದು,"
ಎಂದವಳ ಮಾತಿಗೆ ಕಟ್ಟುಬಿದ್ದು
ಮೂವರೂ ತುದಿಗಾಲಲ್ಲಿ ಓಣಿಗೆ ಬಂದು ನಿಂತೆವು,
ಒಳಗೆ ಬಾಣಂತಿ ಮಲಗಿದ್ದಾಳೆ ಎನ್ನುವಂತೆ.

ಕಿತ್ತು ಎರಡನೆಯದಕ್ಕೆ, ಮತ್ತೆ ಮೂರನೆಯದಕ್ಕೆ.
ಒಂದೇ ಚಮಚ, ಏಳು ಮಡಕೆ.

ಎಂಟನೆಯದರ ಫ್ಲಾಪಿ ಬಾಯಿಗೆ
ಯಾರೋ ಹುಡುಗರು ಐದು ತೆತ್ರಿಯ ನಾಣ್ಯ ತುರುಕಿದ್ದರು,
ಅಲ್ಲೇ ಕಚ್ಚಿಕೊಂಡಿತ್ತು.
ಅದನ್ನು ಹಾಗೆಯೇ ಬಿಟ್ಟೆವು,
ಹಳೆಯ ವ್ಯವಸ್ಥೆ, ಹಿಂದುಳಿದ ಗಡಿಯಾರ,
ಎಲ್ಲ ಇದ್ದ ಹಾಗೆ.

ಬೆಳಿಗ್ಗೆ ಬೀಗ ತೆಗೆಯಲು ಹೋದರೆ ಬಾಗಿಲು ತೆರೆದೇ ಇತ್ತು.
ಏಳು ಹೊಸ ಪರದೆಗಳಿಗೆ ಬೆನ್ನು ತಿರುಗಿಸಿ
ಎಂಟನೆಯದರ ಮುಂದೆ ನುಗ್ಜಾರ್,
ಪಕ್ಕದಲ್ಲಿ ಪೆನ್ಸಿಲಿನ ಹಾಳೆ,
ಒಂದೇ ಬೆರಳಿನಿಂದ ಕುಟ್ಟುತ್ತಿದ್ದ.
"ಎಲ್ಲಿವರೆಗೆ ಬಂತು?" ಎಂದೆ.
"ಏಳು ಇಪ್ಪತ್ತೆರಡು," ತಲೆಯೆತ್ತದೆ ಹೇಳಿದ,
"ಇದು ತುಂಬಿದೆ.
ಮುಂದಿನದಕ್ಕೆ ನಿಲ್ಲು."