ಹನ್ನೆರಡು ವೋಲ್ಟಿನ ಸಾಲು

ಕಾರ್ಡು ಬಂತು, ಬಾಗೇಪಲ್ಲಿ ಬಸ್ಸಿನಲ್ಲಿ,
ಡ್ರೈವರ್ ಸೀಟಿನ ಹಿಂದೆ, ಟೊಮ್ಯಾಟೊ ಕ್ರೇಟಿನ ಮೇಲೆ ಕೂತು.
ಲೋಹಿತಾಶ್ವ ಅಂತ ಯಾರೋ ಹುಡುಗ, ಆಟದ ಹುಚ್ಚು,
ಪರೀಕ್ಷೆ ಹತ್ತಿರ ಬಂತೆಂದು ತಾಯಿ ಮಾರಿಸಿದ್ದು.
ಒಂಬತ್ತು ಸಾವಿರ. ಎರಡು ಫ್ಯಾನು.
ಒಂದರ ರೆಕ್ಕೆ ಇಲಿ ಕಡಿದ ಹಾಗೆ ಮುರಿದಿದೆ.
ಅದು ಪರವಾಗಿಲ್ಲ.

ಶಿಡ್ಲಘಟ್ಟ, ರೀಲಿಂಗ್ ಮನೆಗಳ ಓಣಿಯ ಬಾಯಲ್ಲಿ ನನ್ನ ಅಂಗಡಿ.
ನಿಕಾಹ್, ಆರತಕ್ಷತೆ, ನಾಮಕರಣ, ಯಾವುದಾದರೂ ಸರಿ,
ಹಾಡು ಹಾಕಿ, ಕತ್ತರಿಸಿ, ಪೆನ್‌ಡ್ರೈವಿನಲ್ಲಿ ಕೊಡುತ್ತೇನೆ.
ನಾಲ್ಕು ಗಂಟೆಯ ಮದುವೆ ಹೊರಬರಲು
ಈ ಕಂಪ್ಯೂಟರಿಗೆ ಹನ್ನೊಂದು ಗಂಟೆ ಬೇಕು.
ಕಾರ್ಡು ಹಾಕಿದರೆ ಒಂದೂವರೆ ಅಂತೆ.
ಅಂತೆ.

ಪಕ್ಕದ ಬಾಗಿಲು ಬಿಚ್ಚಿದೆ.
ಮೂಲೆಯಲ್ಲಿ ಎಸ್‌ಎಂಪಿಎಸ್ಸು, ಆರು ವರ್ಷದ ಧೂಳು,
ಧೂಳಿನಲ್ಲಿ ರೇಷ್ಮೆಯ ಎಳೆಯೂ.
ಚೀಟಿ ಒಳಮುಖಕ್ಕಿತ್ತು. ಕಳಚಿ ಹೊರತೆಗೆದು ಒರೆಸಿದೆ.
ದಪ್ಪಕ್ಷರದಲ್ಲಿ: ಐನೂರು ವ್ಯಾಟ್.
ಓದಿದ ಕೂಡಲೇ ನೆಮ್ಮದಿ.
ಅಲ್ಲಿಗೇ ನಿಲ್ಲಿಸಬಹುದಿತ್ತು.

ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದ ಪಟ್ಟಿಯೊಂದಿತ್ತು.
ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿದೆ.
ಮೂರು ಚಿಲ್ಲರೆ ವೋಲ್ಟು, ಐದು ವೋಲ್ಟು, ಅವು ಹಾಗಿರಲಿ,
ಕಾರ್ಡು ಕುಡಿಯುವುದು ಹನ್ನೆರಡರ ಸಾಲಿನಿಂದ.
ಹನ್ನೆರಡರ ಎದುರು ಹದಿನೆಂಟು ಆಂಪಿಯರ್.
ಆಲ್ಬಂ ರಟ್ಟಿನ ಹಿಂದೆ ಗುಣಿಸಿದೆ.
ತಪ್ಪಿರಬೇಕೆಂದು ಬಾಯಲ್ಲೇ ಮಗ್ಗಿ ಹೇಳಿದೆ:
ಹನ್ನೆರಡು ಹದಿನೆಂಟ್ಲ
ಎಷ್ಟು ಸಲ ಹೇಳಿದರೂ ಇನ್ನೂರ ಹದಿನಾರೇ.

ಕಾರ್ಡಿಗೆ ನೂರ ಎಪ್ಪತ್ತು. ಪ್ರೊಸೆಸರಿಗೆ ಅರವತ್ತೈದು.
ಡಿಸ್ಕು, ಬೋರ್ಡು, ಫ್ಯಾನು ಎಲ್ಲ ಸೇರಿ ಐವತ್ತು ಅಂದುಕೋ.
ಇನ್ನು ಸಂಜೆ ಓಣಿಯ ಮೋಟಾರುಗಳೆಲ್ಲ ಒಟ್ಟಿಗೆ ಎದ್ದಾಗ
ನನ್ನ ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತದಲ್ಲ,
ಅದನ್ನು ಯಾವ ಸಾಲಿನಲ್ಲಿ ಬರೆಯಲಿ?

ಗಂಗಾಧರಾಚಾರಿಗೆ ಫೋನು ಮಾಡಿದೆ.
"ಎಂಟು ಕಾಲಿನ ವೈರಿಲ್ವಾ? ಕನ್ವರ್ಟರ್ ಇದೆ, ನೂರಿಪ್ಪತ್ತು ರೂಪಾಯಿ.
ಹಾಕಿ ನೋಡಿ ಮೇಡಂ, ಏನೂ ಆಗಲ್ಲ."
ಅವರ ಅಂಗಡಿಯಲ್ಲಿ ಏನೂ ಆಗುವುದಿಲ್ಲ, ನಿಜ.

ಅಷ್ಟರಲ್ಲಿ ಇನಾಯತ್ ಮಾಮು ಬಂದರು, ಗೂಡಿನ ಮಾರ್ಕೆಟ್ಟಿನಿಂದ,
ಹೊಸಿಲಾಚೆ ಬೀಡಿ ಹೊಸಕಿ.
ವ್ಯಾಟು ಗೊತ್ತಿಲ್ಲ ಅವರಿಗೆ, ಆಂಪಿಯರ್ ಗೊತ್ತಿಲ್ಲ.
ನಾನು ಹೇಳಿದ್ದನ್ನೆಲ್ಲ ಕೇಳಿ, ಏನೂ ಮಾತಾಡದೆ
ಆ ಡಬ್ಬಿಯನ್ನೆತ್ತಿ ಅಂಗೈಯಲ್ಲಿ ಎರಡು ಸಲ ತೂಗಿದರು.
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು
ಒಳಗಿನ ಹುಳು ಸದ್ದು ಮಾಡೀತೇ ಎಂಬಂತೆ.
"ಜಾಳು, ಬೇಟಿ.
ಕಿಲೋ ಕೂಡ ಇಲ್ಲ. ಒಳಗೆ ಏನೂ ಹಾಕೇ ಇಲ್ಲ ಅವನು."

ಮೇಲೆ ಬೆಳ್ಳಗೆ, ದುಂಡಗೆ.
ಬಿಸಿನೀರಿಗೆ ಬಿದ್ದ ಮೇಲೆ ಗೊತ್ತಾಗುವುದು
ಕಿಲೋ ಗೂಡಿಗೆ ನೂಲೆಷ್ಟು ಅಂತ.
ಅಂಥದೊಂದು ಲಾಟು ಹಿಡಿದು
ಎರಡು ಬೇಸಿನ್ನು ಮಾರಿಕೊಂಡ ವರ್ಷದ ಮಾತು
ಅವರು ಎತ್ತಲಿಲ್ಲ.
ನನಗೆ ಗೊತ್ತು. ಆಗ ನಾನು ಆರನೇ ಕ್ಲಾಸು.

ಚಹಾ ಕುಡಿದು ಹೊರಟಾಗ ಮಾಮು ತಲೆಯೆತ್ತಿ
ನನ್ನ ಬೋರ್ಡನ್ನು ಓದಿದರು, ನಿಧಾನಕ್ಕೆ, ಕೂಡಿಸಿ ಕೂಡಿಸಿ:
ಫುಲ್ ಎಚ್‌ಡಿ. ಒಂದೇ ದಿನದಲ್ಲಿ.
ನಕ್ಕರೋ, ಬಿಸಿಲಿಗೆ ಮುಖ ಕಿವುಚಿದರೋ, ಕಾಣಲಿಲ್ಲ.

ಒಳ್ಳೆಯ ಡಬ್ಬಿಗೆ ನಾಲ್ಕು ಸಾವಿರದ ಆರುನೂರು.
ಅಡ್ವಾನ್ಸು ಕಾರ್ಡಿಗೇ ಹೋಗಿದೆ.
ಹಳೆಯದನ್ನೇ ಮತ್ತೆ ಕೂಡಿಸಿದೆ. ನಾಲ್ಕು ಸ್ಕ್ರೂಗಳಲ್ಲಿ ಮೂರು ಸಿಕ್ಕವು.
ಕಾರ್ಡನ್ನು ಹಳೇ ದುಪಟ್ಟಾದಲ್ಲಿ ಸುತ್ತಿ
ಬೀರುವಿನಲ್ಲಿಟ್ಟೆ, ಲೆನ್ಸುಗಳ ಪಕ್ಕ.

ಓಣಿಯಲ್ಲಿ ಮೋಟಾರು ಎದ್ದವು. ಟ್ಯೂಬ್‌ಲೈಟು ಮಿಟುಕಿತು.
ಎರಡು ಪರ್ಸೆಂಟು ಆಗಿದೆ.
ಗುಡಿಬಂಡೆಯ ಮದುಮಗಳು
ಇನ್ನೂ ಛತ್ರದ ಬಾಗಿಲಲ್ಲೇ,
ಒಂದು ಕಾಲು ಒಳಗಿಟ್ಟು ನಿಂತಿದ್ದಾಳೆ.