ಎರಡಕ್ಕೂ ಒಂದ ಶಬ್ದ

ಗುಳೇದಗುಡ್ಡದ ಗಂಡುಮಕ್ಕಳ ಸಾಲಿಯೊಳಗ
ಖಣದ ಮಗ್ಗದ ಸದ್ದು ಕೇಳಕೋತ
ಒಂಬತ್ತು ಚುನಾವಣಿ ಮುಗಿಸಿದವ ನಾನು.
ಒಂದೂ ಪೆಟಗಿಯ ಸೀಲು ಒಡದಿಲ್ಲ. ಅದಕ್ಕ ಇರಬೇಕು,
ದೂರದ ಬೆಟ್ಟದ ನಾಡೊಂದಕ್ಕ ಇಪ್ಪತ್ತೊಂದು ದಿನ
ಕಲಿಸಾಕ ಕಳಿಸಿದ್ರು.

"ದೇವರ ಹೆಸರಲೆ ಬಂದೂಕು ಹಿಡದವರಿಗೆ
ಮತಪೆಟಗೀನ ಮದ್ದು" ಅಂದ್ರು, ಸೂಟು ತೊಟ್ಟವರು.
ನಾನೂ ಗೋಣು ಹಾಕಿದೆ. ದಿನಭತ್ಯೆ ಚಲೋ ಇತ್ತು.

ಕಲಿಸಿದ್ದು ಇಷ್ಟ: ದಾರ ಹೆಂಗ ಸುತ್ತೋದು,
ಅರಗು ಎಷ್ಟು ಕಾಸೋದು,
ಮುದ್ರಿ ಒತ್ತೂಮುಂದ ಉಸುರು ಹಿಡಿಯೋದು.

ಝರ್ಮೀನಾ ಅನ್ನೋ ಹುಡುಗಿ ಕೇಳಿದಳು:
ವೋಟಿಗೆ ನಿಮ್ಮ ಮಾತಿನ್ಯಾಗ ಏನಂತೀರಿ?
ಮತ, ಅಂದೆ.
ಧರ್ಮಕ್ಕ?
ಅದಕ್ಕೂ ಮತಾನ.
ದುಭಾಷಿ ನಕ್ಕ. ಆಕಿ ನಗಲಿಲ್ಲ:
"ಹಂಗಾದ್ರ ಪೆಟಗ್ಯಾಗ ಯಾವುದು ಬೀಳತೈತಿ, ಮಾಸ್ತರ?"

ನಮ್ಮ ಬೂತಿನ ಮುಂದ ಓಣಿಗೊಂದು ಸಾಲು,
ಸಾಲಿಗೊಂದು ದೇವರು ನಿಂತಿದ್ದನ್ನ
ಹೇಳಬೇಕಿತ್ತು.
ಅರಗು ಆರತೈತಿ, ಒತ್ತು, ಅಂದೆ.

ಎರಡು ವರ್ಷಕ್ಕ ಒಂದ ಸಂದೇಶ:
ಸಾಲಿ ಮುಚ್ಚ್ಯಾರ, ಪೆಟಗಿ ಸುಟ್ಟಾರ.
ಉಳಿದ ಅರಗಿಲೆ ಕಿಡಕಿ ಸಂದು ಮೆತ್ತೀನಿ, ಥಂಡಿ ಭಾಳ.
ಒಳಗ ಹನ್ನೊಂದು ಹುಡುಗ್ಯಾರು ಓದಾಕತ್ತಾರ.
ಆಮ್ಯಾಲ ಏನೂ ಬರಲಿಲ್ಲ.

ನಾಡ್ದು ತಾಲೂಕಿನ್ಯಾಗ ಪಂಚಾಯ್ತಿ ಚುನಾವಣಿ.
ಸಂಜೀಕ ಹೊಸಾ ಮಾಸ್ತರ ಕಲಿಯಾಕ ಬಂದಾನ.
ಕಡ್ಡಿ ಗೀರಿ ಅರಗು ಹಿಡದೆ.
ಮೊದಲ ಹನಿ ಹೆಬ್ಬೆರಳ ಮ್ಯಾಲ ಬಿತ್ತು.
ಸುಟ್ಟಿತೇನ್ರಿ ಸರ, ಅಂದ.
ಯಾವುದು ಬೀಳತೈತಿ ಅಂತ
ಅವ ಕೇಳಲಿಲ್ಲ.