ಕುಂಚಿಗಿ

ನಲ್ಲಿ ಬರೋದು ಐದು ದಿನಕ್ಕೊಮ್ಮೆ,
ಬೆವರು ದಿನಾ ಬರತದ.
ಅದಕ್ಕ, ಹೆಡ್‌ಫೋನಿಗೆ ನೀರು ತಾಗಬಾರದು ಅಂತ
ಡಬ್ಬಿ ಮ್ಯಾಲಿಂದು ಮಗಳು ಓದಿದಾಗ
ನಾವಿಬ್ಬರೂ ನಕ್ಕಿದ್ವಿ.
ಸೊಲ್ಲಾಪುರದಾಗ ನೀರು ಎಲ್ಲಿ ಅದ, ತಾಗಲಿಕ್ಕ?

ಸತ್ತದ್ದು ಮೊದಲ ಎಡಗಿವಿ.
ತಿಳಿದದ್ದು ರೇವಣಸಿದ್ಧಗಲ್ಲ, ಮಗಳು ಶಿವಲೀಲಾಗ.
ಅಕ್ಕಲಕೋಟ ರೋಡಿನ ಶೆಡ್ಡು,
ಹದಿನಾರು ಲೂಮು, ತಗಡಿನ ಮಾಡು, ಏಪ್ರಿಲ್ಲು.
ಹನ್ನೆರಡು ತಾಸು ಹೊತ್ತು ಮನಿಗೆ ಬಂದಾಗ
ಕಿವಿಗಾದಿ ಹಿಂಡಿದರ ಸೋರತಿತ್ತು,
ಒಣಗಿದ ಮ್ಯಾಲ ಉಪ್ಪಿನ ಬಿಳಿ ಗೆರಿ,
ಕೆರಿ ಬತ್ತಿದಾಗ ದಂಡಿಗೆ ಉಳೀತದಲ್ಲ, ಹಂಗ.

ರಿಪೇರಿ ಅಂಗಡಿಯ ಯೆಮುಲ್ ಬಿಚ್ಚಿ ತೋರಿಸಿದ:
ತಂತಿ ತುದಿಗೆ ಹಸಿರು ಕಿಲುಬು.
ತೆಲುಗು ಬೆರೆಸಿದ ಮರಾಠಿಯೊಳಗ ಬೈದ.
ತೆಗದ ಕೂಡಲೆ ಒರಸರಿ,
ಹಸಿ ಇದ್ದಾಗ ಚಾರ್ಜಿಗೆ ಹಚ್ಚಬ್ಯಾಡ್ರಿ,
ಬಿಸಲಿಗಂತೂ ಇಡಲೇಬ್ಯಾಡ್ರಿ.
ನಲವತ್ತು ರೂಪಾಯಿ.
ಕಿವಿ ಮತ್ತೊಂದು ತಿಂಗಳು ಬದುಕಿತು.

ಅತ್ತಿ ಅಂದಳು, ಜ್ವಾಳದ ಡಬ್ಬಿಯೊಳಗ ಹುಗಿ,
ಜ್ವಾಳ ಎಂಥಾ ಹಸಿನೂ ಕುಡೀತದ.
ಹುಗದೆ.
ಮರುದಿನ ಶಿವಲೀಲಾ ಹಚ್ಚಿಕೊಂಡು ಚೀರಿದಳು:
ಜಾಲರಿಯೊಳಗ ನುಸಿ, ಜೀವಂತ.
ಇರಲಿ ಬಿಡು, ಅಂದಳು ಅತ್ತಿ, ಅದೂ ಕೇಳಲಿ.

ನಾ ಟವೆಲ್ಲಿನ ಅಂಚು ಹೊಲಿಯಾಕಿ.
ದಿನಕ್ಕ ಮುನ್ನೂರು.
ಯಾವ ದೇಶದ ಹೋಟೆಲ್ಲಿಗೋ ಹೋಗತಾವ,
ಯಾರ್ಯಾರ ಮೈಯೋ ಒರಸತಾವ.
ದಾಗು ಬಿದ್ದ ಒಂದನ್ನ ಸುಪರ್‌ವೈಸರಿಗೆ ಕೇಳಿ ತಂದೆ.
ಜೀರಿಗಿ ಡಬ್ಬಿಯ ಮುಚ್ಚಳ ಇಟ್ಟು ಗುಂಡಗ ಕತ್ತರಿಸಿ,
ಮಗಳ ಹಳೆ ಲಂಗದ ಇಲಾಸ್ಟಿಕ್ ಪೋಣಿಸಿ,
ಕೂಸಿಗೆ ಹೊಲಿಯೋ ಹಂಗ ಎರಡು ಕುಂಚಿಗಿ.
ಬಲಗಡಿದು ಜಾರಿತು.
ಬಿಚ್ಚಿದೆ, ಮತ್ತ ಹೊಲದೆ.
ಈಗ ಆರು ಜೋಡಿ ಅದಾವ.
ಸುಟ್ಟಿ ದಿನ ಒಗದು ಹಗ್ಗಕ್ಕ ಹಾಕಿದರ
ಓಣಿಯವರು ನಿಂತು ಕೇಳತಾರ,
ಯಾರಿಗೆ ಆಗ್ಯಾವ್ರಿ ಅವಳಿಜವಳಿ?

ಚಪ್ಪಲಿ ಅಂಗಡಿಗೆ ಹೋಗಿ
ತಿನ್ನಬಾರದು ಅಂತ ಬರದ ಸಣ್ಣ ಚೀಲಾನೂ ಬೇಡಿ ತಂದೆ.
ಉದ್ದಿನ ಹಪ್ಪಳದ ಡಬ್ಬಿ ಖಾಲಿ ಮಾಡಿ
ಅದರಾಗ ಮಲಗಸತಿದ್ದೆ ರಾತ್ರಿ.

ಒಂದು ಬುಧವಾರ ಡಬ್ಬಿಗೆ ಹೋಗಲಿಲ್ಲ.
ರಾತ್ರಿ ಎರಡಕ್ಕ ನಲ್ಲಿ ಬಂತು.
ಓಣಿ ತುಂಬ ಕೊಡಪಾನದ ಸದ್ದು, ಬೈಗಳ, ಪೈಪು.
ಕೊಳ್ಳಾಗ ಅದನ್ನ ಹಾಕೊಂಡೇ ಎದ್ದು ಬಂದಿದ್ದ,
ಬಗ್ಗಿದ,
ಪೀಪಾಯಿಯೊಳಗ ಗುಳುಕ್.

ಖರೇ ಹೇಳತೀನಿ, ನನಗ ಮೊದಲ ಬಂದ ಚಿಂತಿ
ಐದು ದಿನದ ನೀರು ಹೊಲಸಾತೇನೋ ಅಂತ.

ಮೂರು ದಿನ ಡಬ್ಬಿಯೊಳಗ ಇಟ್ವಿ.
ಶಿವಲೀಲಾ ಹಚ್ಚಿ ನೋಡಿದಳು, ಎಡ, ಬಲ.
ತಲಿ ಅಲ್ಲಾಡಿಸಿದಳು.

ಮರುದಿನ ಅದನ್ನೇ ತಲಿಗೆ ಹಾಕೊಂಡು
ಕೆಲಸಕ್ಕ ಹೊಂಟ.
ಸತ್ತದ್ದದ, ಕೇಳಸೂದಿಲ್ಲ, ಅಂದೆ.
ಚಪ್ಪಲಿ ಮೆಟ್ಟಿಕೋತ ಅಂದ,
ಲೂಮಿನ ಮುಂದ ಹಾಡು ಯಾವಾಗ ಕೇಳೀನಿ ನಾ?
ಮೊದಲಿಂದ ಬಂದೇ ಇಡತಿದ್ದೆ.
ಸದ್ದು ಸ್ವಲ್ಪ ದೂರ ಹೋಗತದ.

ಹಂಗಾದ್ರ ಆ ನಲವತ್ತು ರೂಪಾಯಿ?
ಆ ನುಸಿ? ನಾ ಬೇಡಿದ ಚೀಲ?
ಕೇಳಬೇಕಂತಿದ್ದೆ. ಸೈಕಲ್ಲು ಓಣಿ ದಾಟಿತ್ತು.
ಮ್ಯಾಲ ಕೇಳಿದ್ದರೂ
ನನ್ನ ದನಿ ಅಂವಗ ಎಷ್ಟು ಮುಟ್ಟತಿತ್ತೋ.

ಇವತ್ತ ಏಳನೇ ಜೋಡಿ ಕತ್ತರಿಸೀನಿ.
ಈ ಸಲ ಎರಡು ಪದರ,
ನಡುವ ಅರಳಿ.